ಎರಡು ಒಲೆ, ಒಂದೇ ಹೊಸ್ತಿಲು

ನಮ್ಮ ಊರಿನಲ್ಲಿ ಬುದ್ಧಿಯಿರುವವರು ಮಳೆಗಾಲ ತಪ್ಪಿಸಿ ಸಾಯುತ್ತಾರೆ. ಚಳಿಗೋ ಬೇಸಗೆಗೋ ಸತ್ತರೆ ಮನೆಯವರು ಅತ್ತು ಕರೆದು, ಹೂಳುವುದೋ ಸುಡುವುದೋ ಮಾಡಿ, ತಿಥಿಯೂಟ ಉಂಡು ತಮ್ಮ ಕೆಲಸ ನೋಡಿಕೊಳ್ಳಬಹುದು. ಮಳೆಗಾಲದಲ್ಲಿ ಹಾಗಲ್ಲ. ಆ ನಾಲ್ಕು ತಿಂಗಳು ತಮ್ಮ ತಮ್ಮ ಮತ ಹೇಳಿಕೊಂಡು ಊರೂರು ಸುತ್ತುವ ವಾದಿಗಳು ಮನೆಗೊಬ್ಬರಂತೆ ಬಂದು ಕೂತಿರುತ್ತಾರೆ. ಅವರು ಏನು ಹೇಳುತ್ತಾರೋ ಆ ಮನೆಯ ಹೊಸ್ತಿಲೊಳಗೆ ಅದೇ ನಿಜ. ಅಲ್ಲಿ ಸತ್ತವರಿಗಂತೂ ಆ ಮಾತೇ ಕೊನೆ. ಮಳೆ ನಿಂತರೂ, ವಾದಿ ಊರು ಬಿಟ್ಟರೂ ಅದು ಅವರನ್ನು ಬಿಡುವುದಿಲ್ಲ. ನನ್ನ ಅತ್ತೆ ಜಕ್ಕಬ್ಬೆಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಊರಿಗೆಲ್ಲ ಸೂಲಗಿತ್ತಿ, ಬುದ್ಧಿಗೆ ಏನೂ ಕಡಿಮೆಯಿರಲಿಲ್ಲ. ಆದರೂ ಶ್ರಾವಣದ ಜಡಿಮಳೆಯಲ್ಲೇ ಸಾಯಲು ಮಲಗಿದರು. ಜೀವನದಲ್ಲಿ ಒಂದು ಕೆಲಸವನ್ನೂ ಅವರು ನಮಗೆ ಅನುಕೂಲವಾಗುವ ಹೊತ್ತಿಗೆ ಮಾಡಿದವರಲ್ಲ.

ವಾದಿಗಳಲ್ಲಿ ಕೆಲವರು ಉತ್ತರದ ದಾರಿ ಹಿಡಿದು ನಡೆದು ಬರುತ್ತಾರೆ, ಕೆಲವರು ಕಡಲಾಚೆಯಿಂದ ಹಡಗಿನಲ್ಲಿ ಬರುತ್ತಾರೆ. ಬೋಳಿಸಿಕೊಂಡವರು, ಜಡೆ ಬಿಟ್ಟವರು, ಬಟ್ಟೆ ಉಟ್ಟವರು, ಉಡದವರು ಎಲ್ಲ ಇದ್ದಾರೆ. ದೇವರು ಇದ್ದಾನೋ ಇಲ್ಲವೋ ಎಂಬುದರಲ್ಲಿ ಅವರವರಲ್ಲಿ ದೊಡ್ಡ ಜಗಳ. ಮಳೆಯಲ್ಲಿ ನೆನೆಯಬಾರದು ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ. ಒಮ್ಮೆ ಒಂದು ಮನೆ ಹೊಕ್ಕರೆ ಮಳೆಗಾಲ ಮುಗಿಯುವವರೆಗೆ ಆ ಹೊಸ್ತಿಲು ದಾಟುವುದಿಲ್ಲ ಎಂಬುದು ಅವರ ವ್ರತ. ದಾಟಿದರೆ ಅವರ ವಾದ ಅಲ್ಲಿಗೇ ಮುಗಿಯಿತು, ಮತ್ತೆ ಯಾವ ಊರಿನಲ್ಲೂ ಅದನ್ನು ಹೇಳುವಂತಿಲ್ಲ. ಆಷಾಢದ ಮೊದಲ ದಿನ ಊರ ಚಾವಡಿಯಲ್ಲಿ ಒಂದು ಗಡಿಗೆ ಇಡುತ್ತಾರೆ. ಒಳಗೆ ಮಡಕೆಚೂರುಗಳು, ಒಂದೊಂದರ ಮೇಲೆ ಒಬ್ಬೊಬ್ಬ ವಾದಿಯ ಗುರುತು. ಮನೆಯ ಹಿರಿಯ ಹೆಂಗಸು ಕೈ ಹಾಕಿ ಒಂದನ್ನು ಎತ್ತಬೇಕು. ಎತ್ತಿದ ಮೇಲೆ ಬೇಡವೆನ್ನುವಂತಿಲ್ಲ.

ಎಲ್ಲ ವಾದಿಗಳೂ ಕಷ್ಟದವರಲ್ಲ. ನಡೆಯುವುದೆಲ್ಲ ಮೊದಲೇ ಬರೆದಿಟ್ಟಂತೆಯೇ ನಡೆಯುತ್ತದೆ ಎನ್ನುವವರು ಬಂದರೆ ಸೊಸೆಯರಿಗೆ ಹಬ್ಬ. ಹಾಲು ಉಕ್ಕಿದರೆ ಉಕ್ಕಬೇಕಿತ್ತು, ಮುದ್ದೆ ಗಂಟಾದರೆ ಗಂಟಾಗಬೇಕಿತ್ತು, ಯಾರೂ ಯಾರನ್ನೂ ಬೈಯುವಂತಿಲ್ಲ. ಬೈಯುವುದೂ ಬರೆದದ್ದೇ ಆಗಿದ್ದರೆ ಏನು ಮಾಡುವುದು ಎಂದು ನಮ್ಮತ್ತೆ ಒಂದು ವರ್ಷ ಕಂಡುಹಿಡಿದರು, ಅಲ್ಲಿಗೆ ನಮ್ಮ ಹಬ್ಬ ಮುಗಿಯಿತು. ಕಡಲಾಚೆಯ ಒಬ್ಬರು ಜಗತ್ತೆಲ್ಲ ನೀರು ಎನ್ನುತ್ತಿದ್ದರು. ಅವರಿದ್ದ ಅಗಸರ ಮನೆಯಲ್ಲಿ ನಾಲ್ಕು ತಿಂಗಳು ಒಂದು ಬಟ್ಟೆಯೂ ಒಣಗಲಿಲ್ಲ. ಇನ್ನೊಬ್ಬರು ಅಲಸಂದೆ ತಿನ್ನಬಾರದು, ಕಾಳಿನೊಳಗೆ ಹಿರಿಯರ ಜೀವ ಇರುತ್ತದೆ ಎಂದರು. ಆ ಮನೆಯಾಕೆ ಕಾಯಿ ಬಿಡಿಸುವಾಗ ಅದರೊಳಗಿನಿಂದ ಸತ್ತ ಮಾವ ಕೆಮ್ಮಿದ್ದು ಕೇಳಿ, ಕಾಯನ್ನು ಬುಟ್ಟಿಯಲ್ಲಿಟ್ಟು, ತಲೆಗೆ ಸೆರಗು ಹೊದ್ದು ಎದ್ದು ನಿಂತಳಂತೆ. ಒಂದು ಗಳಿಗೆಯ ಹಿಂದೆ ಇದ್ದವನೇ ಬೇರೆ, ಈಗ ಇರುವವನೇ ಬೇರೆ ಎನ್ನುವವರು ಕುಂಬಾರ ಪೋಲಣ್ಣನ ಮನೆಗೆ ಬಂದಿದ್ದರು. ಪೋಲಣ್ಣ ನಾಲ್ಕು ತಿಂಗಳು ಪ್ರತಿ ಬೆಳಗ್ಗೆ ಹೆಂಡತಿಯನ್ನು, ‘ಯಾರ ಮನೆಯವರಮ್ಮ ನೀವು?’ ಎಂದು ಕೇಳಿದ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಅವನು ಅಷ್ಟು ಮರ್ಯಾದೆಯಿಂದ ಮಾತಾಡಿಸಿದ್ದು ಅದೇ ಮೊದಲಂತೆ.

ಮೂರು ಮಳೆಗಾಲದ ಹಿಂದೆ ನಮ್ಮ ಮನೆಗೆ ಬಂದವರು ತಿಳಿಯದಯ್ಯ. ಅದು ಊರವರು ಇಟ್ಟ ಹೆಸರು. ಇದೆಯೇ ಎಂದು ಕೇಳಿದರೆ ಇದೆಯೆನ್ನಲಾರೆ ಎನ್ನುತ್ತಿದ್ದರು. ಹಾಗಾದರೆ ಇಲ್ಲವೇ ಎಂದರೆ ಇಲ್ಲವೆನ್ನಲಾರೆ ಎನ್ನುತ್ತಿದ್ದರು. ಅವರಿಗೆ ಬಡಿಸುವುದೇ ಒಂದು ಫಜೀತಿ, ಸಾಕೋ ಬೇಕೋ ಗೊತ್ತಾಗುತ್ತಿರಲಿಲ್ಲ. ಆ ಮಳೆಗಾಲದಲ್ಲಿ ನನಗೆ ಚೊಚ್ಚಲ ಹೆಣ್ಣು ಕೂಸು ಹುಟ್ಟಿತು. ಅತ್ತೆಯೇ ಹೆರಿಗೆ ಮಾಡಿಸಿದರು. ಹೆಸರಿಡುವ ದಿನಕ್ಕೆ ಇನ್ನೂ ಮೂರು ದಿನವಿದೆ ಎನ್ನುವಾಗ ಒಂದು ಬೆಳಗ್ಗೆ ಕೂಸು ಮೊಲೆಗೆ ಬಾಯಿ ಹಾಕಲಿಲ್ಲ. ಮೈ ತಣ್ಣಗಿತ್ತು. ಆದರೆ ಸತ್ತಿತು ಎಂದು ಹೇಳಲು ಆ ಮನೆಯೊಳಗೆ ಯಾರಿಗೂ ಬಾಯಿ ಬರಲಿಲ್ಲ, ಇದೆ ಎನ್ನಲೂ ಬರಲಿಲ್ಲ. ಸಂಜೆಗೆ ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಹೋದರು, ಬರಿಗೈಯಲ್ಲಿ ಬಂದರು. ಸಮಾಧಾನ ಹೇಳಲು ಬಂದ ಹೆಂಗಸರು ಬಾಣಂತಿಯ ಖಾರ ಕೊಟ್ಟು ಹೋದರು. ಬಾಣಂತಿ ನೋಡಲು ಬಂದವರು ಸುಮ್ಮನೆ ಕಣ್ಣೊರೆಸಿಕೊಂಡು ಎದ್ದರು. ಅಂದಿನಿಂದ ಮೂರು ವರ್ಷ ನನಗೆ ಅಳು ಬರಲಿಲ್ಲ. ದುಃಖವಿರಲಿಲ್ಲ ಎಂದಲ್ಲ, ಎದೆ ಬಿರಿಯುವಷ್ಟು ಇತ್ತು. ಆದರೆ ಸತ್ತಿದ್ದಕ್ಕೆ ಅಳಬೇಕೋ ಬರಲಿಲ್ಲವೆಂದು ಕಾಯಬೇಕೋ ನನಗೆ ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಕೂಸಿನ ದನಿ ಕೇಳಿದಾಗಲೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದೆ. ಅತ್ತೆ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು.

ಇನ್ನು ಈ ವರ್ಷದ ಕಥೆ. ನಮ್ಮದು ಶಂಖ ಕೊಯ್ದು ಬಳೆ ಮಾಡುವ ಮನೆ. ಗಂಡ ಕೇತ, ಮೈದುನ ಮಾಚ. ಯುಗಾದಿಯ ಹೊತ್ತಿಗೆ ಅಣ್ಣತಮ್ಮಂದಿರಿಗೆ ದೊಡ್ಡ ಗರಗಸ ಯಾರದು ಎಂಬುದರಲ್ಲಿ ಜಗಳ ಹತ್ತಿತು. ಒಂದು ಗರಗಸಕ್ಕೆ ಮನೆಯನ್ನೇ ಕೊಯ್ದುಬಿಟ್ಟರು. ಒಲೆ ಎರಡಾಯಿತು. ನಡುಮನೆಯಲ್ಲಿ ಮಣ್ಣಿನ ಗೋಡೆ ಎಬ್ಬಿಸಲು ಹೊರಟರು, ಅದು ಮೊಣಕಾಲೆತ್ತರಕ್ಕೆ ಬರುವಷ್ಟರಲ್ಲಿ ಮಳೆ ಹಿಡಿಯಿತು. ಎರಡನೆಯ ಬಾಗಿಲು ಒಡೆಯುವ ಕೆಲಸ ಮುಂದಿನ ವರ್ಷಕ್ಕೆ ಹೋಯಿತು. ಚಾವಡಿಯ ಹಿರಿಯರು ಮನೆಗಳನ್ನು ಎಣಿಸುವುದು ಒಲೆಯ ಮೇಲೆ. ಎರಡು ಒಲೆ ಅಂದರೆ ಎರಡು ಮನೆ, ಎರಡು ಚೂರು. ಅತ್ತೆಗೆ ಕಾಲು ಊದಿ ಏಳಲಾಗುತ್ತಿರಲಿಲ್ಲ, ಹಾಗಾಗಿ ನಾನೂ ನನ್ನ ಓರಗಿತ್ತಿ ಸೋವಬ್ಬೆಯೂ ಹೋಗಿ ಒಂದೊಂದು ಎತ್ತಿಕೊಂಡು ಬಂದೆವು. ವಾದಿಗಳ ಮಾತು ನಿಲ್ಲುವುದು ಹೊಸ್ತಿಲಿಗೆ, ಒಲೆಗಲ್ಲ. ನಮ್ಮ ಹೊಸ್ತಿಲು ಇನ್ನೂ ಒಂದೇ ಇದೆ ಎಂಬುದು ಹಿರಿಯರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ನನ್ನ ಕೈಗೆ ಬಂದವರು ಇಲ್ಲದಯ್ಯ. ಮಣ್ಣು ನೀರು ಬೆಂಕಿ ಗಾಳಿ ಕೂಡಿ ಆದದ್ದು ಈ ದೇಹ, ಸತ್ತರೆ ಅದದು ಅದರದರ ಕಡೆಗೆ ಹೋಗುತ್ತದೆ, ಆಮೇಲೆ ಏನೂ ಇಲ್ಲ, ಇದ್ದಷ್ಟು ದಿನ ತುಪ್ಪ ತಿನ್ನಿ ಎನ್ನುವವರು. ತುಪ್ಪದ ಮಾತನ್ನು ದಿನಕ್ಕೆ ಎರಡು ಸಲ ಹೇಳುತ್ತಿದ್ದರು. ಸೋವಬ್ಬೆಯ ಪಾಲಿಗೆ ಮರುಹುಟ್ಟಿನಮ್ಮ, ತಲೆ ಬೋಳಿಸಿಕೊಂಡ ತೆಳ್ಳಗಿನ ಮುದುಕಿ. ಮಾಡಿದ್ದಕ್ಕೆ ತಕ್ಕ ಹಾಗೆ ಮತ್ತೆ ಹುಟ್ಟಲೇಬೇಕು, ತಪ್ಪಿಸಿಕೊಳ್ಳಲು ಬರುವುದಿಲ್ಲ ಎನ್ನುವವರು. ಇಬ್ಬರೂ ಹಳೆಯ ಪರಿಚಯದವರು, ಮೂವತ್ತು ವರ್ಷ ಒಂದೇ ದಾರಿಗಳಲ್ಲಿ ನಡೆದವರು. ಗೋಡೆಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು, ಗೋಡೆಯ ಮೇಲೆ ಗೆರೆ ಎಳೆದು ಚೌಕಾಬಾರ ಆಡುತ್ತಿದ್ದರು. ಸತ್ತ ಕಾಯಿ ಮತ್ತೆ ಮೊದಲಿನಿಂದ ಹೊರಡಬೇಕು ಎಂಬ ಆಟದ ನಿಯಮವನ್ನು ಮಾತ್ರ ಇಲ್ಲದಯ್ಯ ಒಪ್ಪಿಕೊಂಡಿದ್ದರು.

ಅವರಿಗೇನೋ ಆಟ, ನಮಗೆ ಪ್ರಾಣಸಂಕಟ. ಒಂದೇ ಹೊಸ್ತಿಲೊಳಗೆ ಸಿಕ್ಕಿಕೊಂಡ ಇಬ್ಬರ ಮಾತೂ ಆ ಮೊಣಕಾಲೆತ್ತರದ ಗೋಡೆಯ ಹತ್ತಿರ ಬಂದು ಅರ್ಧರ್ಧವಾಗಿ ನಿಂತಿತ್ತು. ನಮ್ಮ ಕಡೆ ಇಲಿ ಸತ್ತರೆ ಸತ್ತಿತು, ಬಾಲ ಹಿಡಿದು ಎಸೆದರಾಯಿತು. ಅವರ ಕಡೆ ಸತ್ತ ಇಲಿ ಮಾರನೆಯ ದಿನ ಜಿರಳೆಯಾಗಿ ಬಂದು ಅದೇ ಮೂಲೆಯಲ್ಲಿ ಅದೇ ಕಾಳಿನ ಚೀಲ ಹುಡುಕುತ್ತಿತ್ತು. ಸೋವಬ್ಬೆ ಸೊಳ್ಳೆ ಹೊಡೆಯಬೇಕಾದರೆ ಕೈ ಎತ್ತಿಕೊಂಡೇ ನಮ್ಮ ಕಡೆಗೆ ಬರುತ್ತಿದ್ದಳು. ಸಾರಿಗೆ ಹಾಕಿದ ಮೀನು ಗೋಡೆ ದಾಟಿಸಿ ಕೊಟ್ಟರೆ ಏನಾಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ, ಅದಕ್ಕೆ ಕೊಡುವುದನ್ನೇ ಬಿಟ್ಟೆವು. ಒಂದು ಬೆಕ್ಕು ಗೋಡೆಯ ಮೇಲೇ ಸತ್ತಿತು. ಅರ್ಧ ದಿನ ನಮ್ಮ ಬಾಗಿಲಲ್ಲಿ ಒಂದು ಮರಿ ಕಾಣಿಸಿಕೊಂಡು ಮ್ಯಾಂವ್ ಎನ್ನುತ್ತಿತ್ತು, ಉಳಿದರ್ಧ ದಿನ ಹುಡುಕಿದರೂ ಇರುತ್ತಿರಲಿಲ್ಲ. ಹಾಲು ಇಡಬೇಕೋ ಬೇಡವೋ ತಿಳಿಯದೆ ನಾನು ಅರ್ಧ ಬಟ್ಟಲು ಇಡುತ್ತಿದ್ದೆ.

ಇಂಥ ಮನೆಯಲ್ಲಿ ಅತ್ತೆಯ ಕಾಲಿನ ಊತ ಹೊಟ್ಟೆಗೆ ಏರಿತು. ಗೋಡೆಯಲ್ಲಿ ಓಡಾಡಲು ಒಂದು ಸಂದು ಬಿಟ್ಟಿದ್ದೆವು, ಅವರ ಮಂಚ ಇದ್ದದ್ದು ಅಲ್ಲೇ. ತಲೆ ಮಾಚನ ಕಡೆ, ಕಾಲು ನಮ್ಮ ಕಡೆ. ಒಬ್ಬ ಮಗನನ್ನು ಬಿಟ್ಟು ಇನ್ನೊಬ್ಬನ ಕಡೆ ಹೋಗುವುದಿಲ್ಲ ಎಂದು ಅವರೇ ಹಾಗೆ ಹಾಕಿಸಿಕೊಂಡಿದ್ದರು. ನೋಡಲು ಬಂದ ಪೋಲಣ್ಣ ತಲೆ ಕೆರೆದುಕೊಂಡು, ‘ತಲೆ ಮತ್ತೆ ಹುಟ್ಟುತ್ತೆ, ಕಾಲು ಹುಟ್ಟಲ್ಲ. ಹುಟ್ಟಿದ ಮೇಲೆ ನಡೆಯೋದು ಹೆಂಗೆ?’ ಎಂದ. ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿದ್ದಲ್ಲ.

ಗಂಜಿ ಇಳಿಯುವುದು ನಿಂತ ದಿನ ಕೇತ ಮಂಚದ ಕಾಲು ಹಿಡಿದು ನಮ್ಮ ಕಡೆಗೆ ಎಳೆದ. ಮಾಚ ಓಡಿಬಂದು ತಲೆಯ ಕಡೆ ಹಿಡಿದ.

‘ಬಿಡೋ,’ ಅಂದ ಕೇತ. ‘ಅವ್ವನ ನಾಲಿಗೆ ನಿಂಗೊತ್ತಲ್ಲ? ಊರಲ್ಲಿ ಅವ್ವನ ಕೈಲಿ ಬೈಸಿಕೊಳ್ಳದವರು ಒಬ್ರಿಲ್ಲ. ನಿನ್ನ ಕಡೆ ಸತ್ರೆ ಆ ಮಾತಿಗೆಲ್ಲ ಲೆಕ್ಕ ಕೊಡಬೇಕು. ಚೇಳಾಗಿ ಹುಟ್ಟಿದ್ರೆ? ಯಾರಾದ್ರೂ ಮೆಟ್ಟಲ್ಲಿ ಹೊಡೆದು ಸಾಯಿಸ್ತಾರೆ ಕಣೋ. ನನ್ನ ಕಡೆ ಇರ್ಲಿ. ದುಡಿದು ದುಡಿದು ಸಾಕಾಗಿದೆ ಅವ್ವಂಗೆ. ಸುಮ್ನೆ ಮುಗಿದೋಗ್ಲಿ.’

‘ಮುಗಿದೋಗ್ಲಿ ಅಂತ ಎಷ್ಟು ಸಲೀಸಾಗಿ ಅಂತೀಯಲ್ಲಣ್ಣ,’ ಅಂದ ಮಾಚ. ‘ಈ ಊರಲ್ಲಿ ಅರ್ಧ ಜನ ಅವ್ವನ ಕೈಯಿಂದಾನೇ ಭೂಮಿಗೆ ಬಿದ್ದಿರೋದು. ಆ ಪುಣ್ಯ ಎಲ್ಲೋಗುತ್ತೆ? ಚೇಳಾದ್ರೂ ಆಗ್ಲಿ, ಇಲಿಯಾದ್ರೂ ಆಗ್ಲಿ, ಅವ್ವ ಎಲ್ಲೋ ಒಂದ್ಕಡೆ ಇರ್ಬೇಕು. ನಾನು ಹುಡುಕ್ಕೋತೀನಿ.’

ಯುಗಾದಿಯಿಂದ ಒಬ್ಬರ ಮುಖ ಒಬ್ಬರು ನೋಡದವರು ಈಗ ಒಂದೇ ಮಂಚ ಹಿಡಿದು ನಿಂತಿದ್ದರು. ಬೆಳಗ್ಗೆ ಕೇತ ಈ ಕಡೆ ಎಳೆಯುವುದು, ಮಧ್ಯಾಹ್ನ ಅವನು ಉಣ್ಣಲು ಕೂತಾಗ ಮಾಚ ಆ ಕಡೆ ಎಳೆಯುವುದು. ಎರಡು ದಿನ ಇದೇ ಆಯಿತು. ಮಂಚದ ಕಾಲು ಉಜ್ಜಿ ನೆಲದ ಸಗಣಿ ಸಾರಣೆ ಕಿತ್ತುಹೋಯಿತು. ವಾದಿಗಳನ್ನು ಕೇಳಿದೆವು. ಇಲ್ಲದಯ್ಯ, ‘ಎಲ್ಲಿ ಮಲಗಿಸಿದರೂ ಒಂದೇ, ಆದರೆ ಗಾಳಿ ಬರುವ ಕಡೆ ಇರಲಿ,’ ಎಂದರು. ಮರುಹುಟ್ಟಿನಮ್ಮ, ‘ಚೇಳೋ ಚಿನ್ನವೋ ನಾನು ಹೇಳುವುದಲ್ಲ, ಅವರು ಮಾಡಿದ್ದು ಹೇಳುತ್ತದೆ,’ ಎಂದರು. ಚಾವಡಿಯ ಹಿರಿಯರು ಬಂದು ಹೊಸ್ತಿಲು ನೋಡಿ, ಒಲೆ ನೋಡಿ, ತಪ್ಪಾಗಿದೆ ಎಂದು ಒಪ್ಪಿಕೊಂಡು, ಕಷಾಯ ಕುಡಿದು ಹೋದರು.

ನನ್ನನ್ನು ಯಾರೂ ಕೇಳಲಿಲ್ಲ. ಗಂಡನ ಮಾತು ಕೇಳಿದಾಗ ಗಂಡನದೇ ಸರಿ, ಮೈದುನನ ಮಾತು ಕೇಳಿದಾಗ ಮೈದುನನದೇ ಸರಿ. ಒಳಗೊಳಗೆ ಇನ್ನೊಂದಿತ್ತು. ಕೂಸನ್ನು ಕೊನೆಗೆ ಎತ್ತಿಕೊಂಡು ಹೋದವರು ಇವರು. ಇವರೂ ಹೋದರೆ ನಾನು ಯಾರನ್ನು ಕೇಳಲಿ? ಮುದುಕಿ ಬದುಕಲಿ ಎಂದು ನಾನು ಬೇಡಿಕೊಂಡದ್ದು ಅವರ ಮೇಲಿನ ಪ್ರೀತಿಗಲ್ಲ, ನಿಜ ಹೇಳಬೇಕಲ್ಲ.

ಮೂರನೆಯ ದಿನ ಬೆಳಗ್ಗೆ ಗಂಡಸರು ಇಬ್ಬರೂ ಹಿತ್ತಲಲ್ಲಿ ಕೂಗಾಡುತ್ತಿದ್ದರು. ನಾನು ಅತ್ತೆಯ ತುಟಿಗೆ ನೀರು ಹಚ್ಚುತ್ತಿದ್ದೆ. ಅವರು ಕಣ್ಣು ತೆರೆದು ನನ್ನ ಮಣಿಕಟ್ಟು ಹಿಡಿದುಕೊಂಡರು. ಸಾವಿರ ಕೂಸುಗಳನ್ನು ಎಳೆದ ಕೈ, ಇನ್ನೂ ಬಿಗಿಯಾಗಿಯೇ ಇತ್ತು.

‘ಏ ದೇಕಿ. ತಿಳಿಯದಯ್ಯ ಈ ಸಲ ಯಾರ ಮನೇಲವ್ನೆ?’

ಆ ಹೆಸರು ಕೇಳಿ ಇನ್ನೊಂದು ಕೈಯಲ್ಲಿದ್ದ ನೀರಿನ ಬಟ್ಟಲನ್ನು ಕೆಳಗಿಟ್ಟೆ. ‘ಗಾಣದ ಬೊಮ್ಮವ್ವನ ಮನೇಲಿ. ಯಾಕತ್ತೆ?’

‘ನನ್ನ ಅಲ್ಲಿಗೆ ಹೊತ್ಕೊಂಡೋಗಕ್ಕೆ ಹೇಳು.’

‘ಯಾರ್ದೋ ಮನೇಲಿ ಸಾಯ್ತೀರಾ?’ ಎಂದುಬಿಟ್ಟೆ. ಸಾಯುವವರ ಎದುರು ಹಾಗೆ ಹೇಳಬಾರದಿತ್ತು.

‘ಹೂಂ, ಸಾಯ್ತೀನಿ. ನಿನ್ನ ಅಪ್ಪಣೆ ಬೇಕಾ?’ ಎಂದು ಉಸಿರು ಎಳೆದುಕೊಂಡರು. ‘ಇವ್ರಿಬ್ಬರೂ ಕಚ್ಚಾಡ್ತವ್ರೆ, ಅವ್ವ ಇರ್ತಾಳೆ ಅಂತ ಒಬ್ಬ, ಇರಲ್ಲ ಅಂತ ಒಬ್ಬ. ನಂಗೆ ಎರಡೂ ಬ್ಯಾಡ ಕಣೆ. ಕೂಸು ಅಲ್ಲಿ ಅವ್ಳಲ್ಲ.’

‘ಎಲ್ಲಿ?’ ಎಂದೆ.

‘ಎಲ್ಲಿ ಅಂತ ಗೊತ್ತಿದ್ರೆ ಈ ಮೂರು ವರ್ಸ ಸುಮ್ನಿರ್ತಿದ್ನಾ? ಸೂಲಗಿತ್ತಿಯಾದೋಳು ಕೂಸನ್ನ ತಾಯಿ ಮಡಿಲಿಗೆ ಹಾಕಬೇಕು, ಇಲ್ಲ ಮಣ್ಣಿಗೆ ಹಾಕಬೇಕು. ಎರಡೂ ಅಲ್ದೆ ನಡುವೆ ಬಿಟ್ಟು ಕೈ ತೊಳ್ಕೊಳಂಗಿಲ್ಲ. ನಾನು ಆವತ್ತು ಅದನ್ನ ಹೊತ್ಕೊಂಡು ಹೋದೆ, ಕೆರೆಯಂಗಳದಲ್ಲಿ ಗುಂಡಿ ತೋಡಿದೆ. ಹಾಕ್ದೆ. ಹಾಕಿದ್ನೋ ಇಲ್ವೋ ನಂಗೂ ನೆಪ್ಪು ನಿಲ್ಲಾಕಿಲ್ಲ. ನಿಂಗೆ ಏನಂತ ಹೇಳ್ಲಿ? ಬೆಳಗಾದ್ರೆ ನಿನ್ನ ಮುಖ ನೋಡಿ ನಾಲಿಗೆ ಬಿದ್ದೋಗ್ತಿತ್ತು. ಅದಕ್ಕೇ ಬೇರೆ ಎಲ್ಲಕ್ಕೂ ಬೈತಿದ್ದೆ.’ ಅವರ ಕಣ್ಣಿನ ಕೊನೆಯಲ್ಲಿ ನೀರಿತ್ತು. ಅದನ್ನು ಒರೆಸಲು ಅವರಿಗೆ ಆಗಲಿಲ್ಲ, ನಾನು ಒರೆಸಲಿಲ್ಲ. ‘ಆ ಅಯ್ಯನ ಮಾತಿನ ಕೆಳಗೆ ಸತ್ರೆ ಕೂಸಿಗೆ ಆದದ್ದೇ ನಂಗೂ ಆಗುತ್ತೆ. ಇದ್ರೆ ಇರೋ ಕಡೆ. ಇಲ್ದಿದ್ರೆ ಇಲ್ದಿರೋ ಕಡೆ. ಒಂದೇ ಒಂದು ಕೂಸು ಕಣೆ ನಾನು ಒಂಟಿಯಾಗಿ ಬಿಟ್ಟಿದ್ದು. ಒಂಬತ್ತು ದಿನದ್ದು. ಕತ್ತು ನಿಲ್ತಿರ್ಲಿಲ್ಲ ಅದಕ್ಕೆ.’

ಮೂರು ವರ್ಷದ ಸಿಟ್ಟು ಒಂದು ಗಳಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅವರ ಕಾಲು ಹಿಡಿಯಬೇಕು ಎನಿಸಿತು, ಹಿಡಿದು ಅಲುಗಾಡಿಸಬೇಕು ಎಂದೂ ಎನಿಸಿತು. ಎರಡೂ ಮಾಡದೆ ಎದ್ದು ಹಿತ್ತಲಿಗೆ ಹೋದೆ. ‘ಅತ್ತೆ ಗಾಣದ ಮನೆಗೆ ಹೋಗ್ತಾರಂತೆ, ಮಂಚ ಎತ್ತಿ,’ ಎಂದೆ.

ಗಂಡಸರಿಬ್ಬರೂ ಮೊದಲು ನನಗೆ ಬೈದರು, ನಾನೇ ಹೇಳಿಕೊಟ್ಟೆನೆಂದು. ಆಮೇಲೆ ಅತ್ತೆಯ ಹತ್ತಿರ ಹೋದರು. ಸ್ವಂತ ಇಬ್ಬರು ಮಕ್ಕಳಿದ್ದೂ ಪರರ ಮನೆಯಲ್ಲಿ ಪ್ರಾಣ ಬಿಟ್ಟರೆ ಊರು ಏನನ್ನುತ್ತದೆ ಎಂದರು. ಅತ್ತೆ ಮೊದಲು ಇಬ್ಬರ ತಂದೆಯನ್ನೂ, ಆಮೇಲೆ ಗರಗಸವನ್ನೂ, ಕೊನೆಗೆ ಊರನ್ನೂ ಬೈದರು. ಅಷ್ಟು ಉಸಿರು ಎಲ್ಲಿತ್ತೋ. ಬೈಗುಳ ಕೇಳಿ ಮಾಚನ ಮುಖ ಸ್ವಲ್ಪ ಗೆಲುವಾಯಿತು, ಅವ್ವ ಚೇತರಿಸಿಕೊಂಡಳು ಅಂದುಕೊಂಡ. ಕೇತ ತಲೆಯ ಕಡೆ ಹಿಡಿದ, ಮಾಚ ಕಾಲಿನ ಕಡೆ ಹಿಡಿದ. ನಾನೂ ಸೋವಬ್ಬೆಯೂ ಅವರ ಮೇಲೆ ಮಳೆ ಬೀಳದಂತೆ ತಾಳೆಗರಿಯ ಗೊರಬು ಎತ್ತಿ ಹಿಡಿದೆವು. ನಮ್ಮ ವಾದಿಗಳಿಬ್ಬರೂ ಹೊಸ್ತಿಲವರೆಗೆ ಬಂದು ನಿಂತರು. ಇಲ್ಲದಯ್ಯ ಅಷ್ಟು ದಿನದಲ್ಲಿ ಮೊದಲ ಸಲ ತುಪ್ಪದ ಮಾತು ಎತ್ತಲಿಲ್ಲ.

ಬೀದಿಯಲ್ಲಿ ಮೊಣಕಾಲುದ್ದ ನೀರು. ಬಾಗಿಲು ಬಾಗಿಲಲ್ಲಿ ಹೆಂಗಸರು ನಿಂತು ನೋಡಿದರು, ಕೆಲವರು ಕೈ ಮುಗಿದರು. ಗಾಣದ ಬೊಮ್ಮವ್ವನಿಗೆ ಏಳು ಮಕ್ಕಳು, ಏಳನ್ನೂ ಹೊರತೆಗೆದವರು ಅತ್ತೆ. ಮಂಚ ನೋಡಿ ಆಕೆ ಒಂದು ಮಾತೂ ಕೇಳದೆ ಎಳ್ಳಿನ ಚೀಲಗಳನ್ನು ಸರಿಸಿ ಜಾಗ ಮಾಡಿಕೊಟ್ಟಳು. ಗಾಣದ ಪಕ್ಕದ ಕಂಬಕ್ಕೆ ಒರಗಿ ತಿಳಿಯದಯ್ಯ ಕೂತಿದ್ದರು. ಮೂರು ವರ್ಷದಲ್ಲಿ ತುಂಬ ಮುದುಕರಾಗಿದ್ದರು. ನನ್ನನ್ನು ನೋಡಿ ಗುರುತು ಸಿಕ್ಕಿತೋ ಇಲ್ಲವೋ ಹೇಳಲಾರೆ.

‘ಅಯ್ಯ,’ ಎಂದರು ಅತ್ತೆ, ‘ನನ್ನ ನೆಪ್ಪೈತಾ?’

‘ಇದೆಯೆನ್ನಲಾರೆ,’ ಎಂದರು ಅವರು, ‘ಇಲ್ಲವೆನ್ನಲಾರೆ.’

‘ಅಷ್ಟಾದ್ರೆ ಸಾಕು,’ ಎಂದು ಅತ್ತೆ ಕಣ್ಣು ಮುಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಎದೆ ಏರಿಳಿಯುವುದು ಕಾಣಿಸಲಿಲ್ಲ. ಕೇತ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಹತ್ತಿ ಎಳೆ ಹಿಡಿದು ನೋಡಿದ. ‘ಅವ್ವ...’ ಎಂದ, ಮುಂದಿನ ಮಾತು ಬಾಯಿಗೆ ಬರಲಿಲ್ಲ. ಮಾಚ ಬಾಯಿ ತೆರೆದು ಮುಚ್ಚಿದ. ಸೋವಬ್ಬೆ ಅಳಲು ಸೆರಗು ಬಾಯಿಗೆ ಹಿಡಿದುಕೊಂಡವಳು ಹಾಗೆಯೇ ಹಿಡಿದುಕೊಂಡೇ ಇದ್ದಳು. ಬೊಮ್ಮವ್ವ ತುಳಸಿ ನೀರು ತಂದು, ಅದನ್ನು ಕುಡಿಸುವುದೋ ಚಿಮುಕಿಸುವುದೋ ತಿಳಿಯದೆ ಲೋಟ ಹಿಡಿದು ನಿಂತಳು.

‘ಅಯ್ಯ, ಹೋದ್ರಾ?’ ಎಂದು ಕೇತ ಕೇಳಿದ.

‘ಹೋದರೆನ್ನಲಾರೆ.’

‘ಹಂಗಾದ್ರೆ ಇದ್ದಾರಾ?’

‘ಇದ್ದಾರೆನ್ನಲಾರೆ.’

ಮಳೆ ಸುರಿಯುತ್ತಲೇ ಇತ್ತು. ಗಾಣದ ಎತ್ತು ನಿಂತಲ್ಲೇ ಕಾಲು ಬದಲಿಸಿತು. ಎತ್ತಿಕೊಂಡು ಹೋಗಿ ಮಣ್ಣು ಮಾಡೋಣವೆಂದರೆ ಮಲಗಿರುವುದು ಹೆಣವೆಂದು ಹೇಳುವವರಿಲ್ಲ. ಮನೆಗೆ ಹೊತ್ತುಕೊಂಡು ಹೋಗೋಣವೆಂದರೆ ಜೀವವಿದೆಯೆಂದು ಹೇಳುವವರಿಲ್ಲ. ಅತ್ತೆ ಕೇಳಿಕೊಂಡ ಜಾಗಕ್ಕೇ ಹೋಗಿ ಸೇರಿದ್ದರು. ನಾವು ಐದು ಜನ ಈ ಕಡೆ ಗೂಟಕ್ಕೆ ಕಟ್ಟಿದ ದನಗಳ ಹಾಗೆ ನಿಂತಿದ್ದೆವು. ನಾನು ಮೂರು ವರ್ಷದ ಹಿಂದಿನ ಅದೇ ಮೂಲೆಯಲ್ಲಿ, ಅದೇ ತಣ್ಣಗಿನ ಮೈಯ ಮುಂದೆ, ಮತ್ತೆ ಹಾಗೆಯೇ ನಿಂತಿದ್ದೇನೆ ಎನಿಸಿತು.

ಆಗ ನನಗೆ ಏನಾಯಿತೋ, ನಾನು ಮಾತಾಡಿದೆ. ಜೋರಾಗಿ ಮಾತಾಡಲಿಲ್ಲ. ‘ಅಯ್ಯ, ನಿಮ್ಮ ವಾದ ನಿಮಗಿರ್ಲಿ. ನಂಗೆ ಅದು ಅರ್ಥ ಆಗಲ್ಲ. ಮೂರು ವರ್ಷದಿಂದ ಬೀದೀಲಿ ಕೂಸು ಅತ್ರೆ ನಾನು ಎದ್ದು ಬಾಗಿಲಿಗೆ ಬರ್ತೀನಿ. ಮೊನ್ನೆಯೂ ಬಂದೆ. ನಾಳೆಯಿಂದ ಯಾರಾದ್ರೂ ಮುದುಕಿ ಬೈದ್ರೂ ಎದ್ದು ಬರ್ಬೇಕಾ? ಇಷ್ಟೇ ಹೇಳಿ. ಎಷ್ಟು ದಿನ ಬಾಗಿಲಿಗೆ ಬರ್ಬೇಕು?’

ತಿಳಿಯದಯ್ಯ ಹೇಳಲಾರೆ ಎನ್ನುತ್ತಾರೆ ಎಂದು ನಾವೆಲ್ಲ ಕಾದೆವು, ಅದನ್ನೂ ಹೇಳಲಿಲ್ಲ. ಆಮೇಲೆ ಕಂಬ ಹಿಡಿದು ಎದ್ದರು. ಮೊಣಕಾಲು ನೋಯುತ್ತಿತ್ತು ಅವರಿಗೆ, ಮೆಲ್ಲಗೆ ನಡೆದರು. ಬೊಮ್ಮವ್ವ, ‘ಅಯ್ಯೋ, ಅಯ್ಯ, ಹೊಸ್ತಿಲು!’ ಎಂದು ಕೂಗಿದಳು. ಅವರು ಬಾಗಿಲ ಚೌಕಟ್ಟಿಗೆ ಒಂದು ಕೈ ಊರಿ, ಒಂದು ಕಾಲು ಹೊಸ್ತಿಲಾಚೆ ಇಟ್ಟರು, ಇನ್ನೊಂದನ್ನೂ ಇಟ್ಟರು. ಮಳೆಯಲ್ಲಿ ನಡುಬೀದಿಗೆ ಹೋಗಿ ನಿಂತು ನಮ್ಮ ಕಡೆ ತಿರುಗಿದರು. ನೀರು ಅವರ ಬೋಳು ತಲೆಯಿಂದ ಗಡ್ಡಕ್ಕೆ ಇಳಿಯುತ್ತಿತ್ತು.

‘ಮುದುಕಿ ಸತ್ತಿದ್ದಾರೆ,’ ಎಂದರು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ, ಅವರಿಗೂ ಅದನ್ನು ಹೇಳಿ ಅಭ್ಯಾಸವಿರಲಿಲ್ಲ. ‘ನಿನ್ನ ಮಗಳೂ ಸತ್ತಳು ತಾಯಿ. ಆವತ್ತು ಬೆಳಗ್ಗೆ, ಹೊತ್ತು ಮೂಡುವುದಕ್ಕೆ ಮೊದಲೇ. ನಿನ್ನ ಅತ್ತೆ ಅವಳನ್ನು ಮಣ್ಣು ಮಾಡಿದರು. ನನಗೆ ಆವತ್ತೇ ಗೊತ್ತಿತ್ತು.’

ಒಳಗೆ ಸೋವಬ್ಬೆ ಚಿಟ್ಟನೆ ಚೀರಿದಳು. ಕೇತನೂ ಮಾಚನೂ ಮಂಚದ ಮೇಲೆ ಬಿದ್ದು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಅವ್ವಾ ಎಂದು ಗೋಳಾಡತೊಡಗಿದರು. ನಾನು ಬಾಗಿಲಿಗೆ ಓಡಿದೆ. ಅವರ ಪಾದ ಹಿಡಿಯಲೆಂದು ಓಡಿದೆನೋ, ಗೊತ್ತಿದ್ದೂ ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದ ಮುದುಕನ ಗಡ್ಡ ಹಿಡಿದು ಜಗ್ಗಲೆಂದು ಓಡಿದೆನೋ ನನಗೆ ಇವತ್ತಿಗೂ ತಿಳಿಯದು. ಅಷ್ಟರಲ್ಲಿ ಅವರು ಬೆನ್ನು ತಿರುಗಿಸಿ ನಡೆಯುತ್ತಿದ್ದರು. ಜೋಳಿಗೆಯನ್ನು ಬೊಮ್ಮವ್ವನ ಮನೆಯಲ್ಲೇ ಬಿಟ್ಟಿದ್ದರು. ಅವರ ವಾದ ಆ ಹೊಸ್ತಿಲಲ್ಲೇ ಮುಗಿದಿತ್ತು, ಇನ್ನು ಅವರನ್ನು ಯಾವ ಊರಿನ ಯಾವ ಮನೆಯೂ ಮಳೆಗಾಲಕ್ಕೆ ಕರೆಯುವಂತಿರಲಿಲ್ಲ. ನಾನು ಬೀದಿಯ ನೀರಿನಲ್ಲಿ ಕುಸಿದು ಕೂತು, ಎದೆ ಎದೆ ಬಡಿದುಕೊಂಡು, ‘ಸತ್ತುಹೋದ್ಯಾ ನನ್ನ ಕೂಸೇ, ಸತ್ತುಹೋದ್ಯಾ’ ಎಂದು ಅಳತೊಡಗಿದೆ. ಅಕ್ಕಪಕ್ಕದ ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಹೊಸ್ತಿಲು ದಾಟಿ ಮಳೆಗೆ ಇಳಿದು ಬಂದರು, ಮತ್ತು ಈ ಸಲ ಏನು ಹೇಳಬೇಕೆಂದು ಅವರಿಗೆಲ್ಲ ಗೊತ್ತಿತ್ತು.